ಎಕ್ಸ್‌ಎಂಎಲ್ ಕಲಿಯೋಕೆ ಎಕ್ಸ್‌ಎಂಎಲ್‌ಲಿಂಟ್: ವರ್ಷಗಟ್ಟಲೆ ಬಳಸಿದವನ ಮಾತು

ಎಕ್ಸ್‌ಎಂಎಲ್ (ಟ್ಯಾಗ್‌ಗಳ ನಡುವೆ ಡೇಟಾ ಬರೆದಿಡುವ ರೂಪ) ಕಲಿಯಬೇಕು, ಯಾವ ಕೋರ್ಸ್ ಸೇರಲಿ ಅಂತ ಕೇಳುವ ಹೊಸ ಡೆವಲಪರ್‌ಗಳಿಗೆ ನಾನು ಹೇಳೋದು ಒಂದೇ: ದುಡ್ಡು ಕಟ್ಟುವ ಮೊದಲು ಎಕ್ಸ್‌ಎಂಎಲ್‌ಲಿಂಟ್ ಬಳಸಿ ನೋಡಿ. ಗ್ನೋಮ್ ಯೋಜನೆಯಲ್ಲಿ ಬೆಳೆದ ಲಿಬ್‌ಎಕ್ಸ್‌ಎಂಎಲ್2 ಲೈಬ್ರರಿಯ ಜೊತೆ ಬರುವ, ಎಕ್ಸ್‌ಎಂಎಲ್ ಫೈಲಿನ ತಪ್ಪು ಹುಡುಕುವ ಟರ್ಮಿನಲ್ ಟೂಲ್ ಇದು. ಪೂರ್ತಿ ಉಚಿತ. ಮ್ಯಾಕ್‌ನಲ್ಲಿ ಮೊದಲೇ ಇರುತ್ತದೆ, ಉಬುಂಟುವಿನಲ್ಲಿ ಒಂದು ಸಣ್ಣ ಪ್ಯಾಕೇಜ್ ಹಾಕಿದರೆ ಆಯಿತು.

ಈಗೆಲ್ಲಾ ಡೇಟಾಗೆ ಜೇಸನ್ ಅಲ್ವಾ, ಎಕ್ಸ್‌ಎಂಎಲ್ ಯಾಕೆ ಅಂತ ಕೇಳಬಹುದು. ಆಂಡ್ರಾಯ್ಡ್ ಆ್ಯಪ್‌ನ ಕನ್ನಡ ಪದಗಳೆಲ್ಲ ಕೂರೋದು ಎಕ್ಸ್‌ಎಂಎಲ್ ಫೈಲಿನಲ್ಲೇ. ಟ್ಯಾಲಿಗೆ ಹೊರಗಿನಿಂದ ವೋಚರ್ ಹಾಕೋಕೂ ಇದನ್ನು ಬಳಸಬಹುದು. ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಅಂದರೆ ಡಿಜಿಟಲ್ ಸಹಿ ಇರುವ ಎಕ್ಸ್‌ಎಂಎಲ್. ವರ್ಡ್ ಫೈಲನ್ನು ಅನ್‌ಜಿಪ್ ಮಾಡಿ ನೋಡಿ, ಒಳಗಿರೋದೂ ಅದೇ. 1998ರಲ್ಲಿ ಬಂದ ಎಕ್ಸ್‌ಎಂಎಲ್ 1.0 ಇವತ್ತಿಗೂ ಕೆಲಸಕ್ಕೆ ಬರುತ್ತಿದೆ.

ಈ ಟೂಲ್‌ನಿಂದ ನಾನು ಜಾಸ್ತಿ ಕಲಿತದ್ದು ಅದು ತೋರಿಸುವ ಎರರ್‌ಗಳಿಂದ. ಫೈಲಿನ ಹೆಸರು ಕೊಟ್ಟು ನೋಔಟ್ ಆಯ್ಕೆ (ಫೈಲನ್ನು ಮತ್ತೆ ಬರೆದು ತೋರಿಸಬೇಡ ಅನ್ನೋದು) ಹಾಕಿ ಓಡಿಸಿ. ತಪ್ಪಿಲ್ಲದಿದ್ದರೆ ಏನೂ ಹೇಳುವುದಿಲ್ಲ. ತಪ್ಪಿದ್ದರೆ ಎಷ್ಟನೇ ಸಾಲು ಅಂತ ಹೇಳಿ, ಆ ಸಾಲನ್ನೇ ಬರೆದು, ಕೆಳಗೆ ಸರಿಯಾದ ಜಾಗಕ್ಕೆ ಬಾಣದ ಗುರುತು ಇಡುತ್ತದೆ. 'ಊಟ & ತಿಂಡಿ' ಅಂತ ಹಾಗೇ ಬರೆದ ಕನ್ನಡ ಸ್ಟ್ರಿಂಗ್ ಫೈಲನ್ನು ಕೊಟ್ಟರೆ ಆ ಆಂಪರ್ಸ್ಯಾಂಡ್ ಹತ್ತಿರವೇ ನಿಲ್ಲುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಆ ಗುರುತು ಎಂಟಿಟಿಯ (ಬೇರೆ ಪಠ್ಯದ ಬದಲಿಗೆ ಬರೆಯುವ ಸಂಕೇತ) ಶುರು, ಅದಕ್ಕೇ ಅದನ್ನು & ಅಂತ ಬರೆಯಬೇಕು ಅನ್ನೋದು ಒಂದು ಸಲ ಹೀಗೆ ಕಂಡರೆ ಆಮೇಲೆ ಮರೆಯುವುದಿಲ್ಲ. ಒಂದು ಮಾತು: ಎರರ್‌ಗಳು ರಾಶಿ ಬಂದರೆ ಮೊದಲನೆಯದನ್ನು ಮಾತ್ರ ಸರಿಮಾಡಿ ಮತ್ತೆ ಓಡಿಸಿ. ಎಷ್ಟೋ ಸಲ ಉಳಿದವು ತಾವಾಗೇ ಹೋಗುತ್ತವೆ.

ಕನ್ನಡದವರಿಗೆ ಮುಖ್ಯವಾದ ವಿಷಯ ಇನ್ನೊಂದಿದೆ. ಫೈಲಿನ ಮೊದಲ ಸಾಲಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೆದಿರದಿದ್ದರೆ, ಸಾಲುಗಳನ್ನು ಜೋಡಿಸಿ ತೋರಿಸುವ ಫಾರ್ಮ್ಯಾಟ್ ಆಯ್ಕೆ ಕೊಟ್ಟಾಗ ಹಲವು ಆವೃತ್ತಿಗಳಲ್ಲಿ ಕನ್ನಡ ಅಕ್ಷರಗಳ ಜಾಗದಲ್ಲಿ ಬರೀ ಸಂಖ್ಯೆಯ ಸಂಕೇತಗಳು ಬರುತ್ತವೆ. ಡೇಟಾ ಹಾಳಾಗಿಲ್ಲ, ಗಾಬರಿ ಬೇಡ. ಆದರೆ ಅದನ್ನು ಯಾರೂ ಓದೋಕಾಗಲ್ಲ. ಮೊದಲ ಸಾಲು ಸರಿ ಬರೆಯಿರಿ, ಇಲ್ಲವೇ ಎನ್‌ಕೋಡ್ ಆಯ್ಕೆಯಲ್ಲಿ ಯುಟಿಎಫ್-8 ಕೊಡಿ, ಅಕ್ಷರಗಳು ಅಚ್ಚುಕಟ್ಟಾಗಿ ಬರುತ್ತವೆ.

ಎಕ್ಸ್‌ಎಂಎಲ್ ಒಳಗೆ ಬೇಕಾದ ಭಾಗ ಹುಡುಕುವ ಎಕ್ಸ್‌ಪಾತ್ ಭಾಷೆ ಕಲಿಯೋಕೂ ಇದೇ ಸಾಕು, ಆದರೆ ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗ ನೇಮ್‌ಸ್ಪೇಸ್, ಅಂದರೆ ಎಲಿಮೆಂಟ್ ಯಾವ ಗುಂಪಿನದು ಅಂತ ಹೇಳುವ ಗುರುತು. ಎಸ್‌ವಿಜಿ ಚಿತ್ರವೊಂದರಲ್ಲಿ (ಅದೂ ಎಕ್ಸ್‌ಎಂಎಲ್ ಫೈಲೇ) ಪಾತ್ ಎಲಿಮೆಂಟ್ ಕಣ್ಣಿಗೆ ಕಾಣುತ್ತಿರುತ್ತದೆ, ಹೆಸರು ಕೊಟ್ಟು ಹುಡುಕಿದರೆ ಮಾತ್ರ ಏನೂ ಇಲ್ಲ ಅನ್ನುತ್ತದೆ. ಯಾಕೆಂದರೆ ಆ ಎಲಿಮೆಂಟಿನ ಪೂರ್ತಿ ಗುರುತಿನಲ್ಲಿ ಎಸ್‌ವಿಜಿಯ ನೇಮ್‌ಸ್ಪೇಸ್ ವಿಳಾಸವೂ ಸೇರಿದೆ, ಬರೀ ಹೆಸರು ಹೇಳಿದರೆ ಹೊಂದುವುದಿಲ್ಲ. ಶೆಲ್ ಆಯ್ಕೆಯಲ್ಲಿ ಒಳಗೆ ಹೋಗಿ, ಸೆಟ್‌ಎನ್‌ಎಸ್ ಕಮಾಂಡಿನಿಂದ ಆ ವಿಳಾಸಕ್ಕೊಂದು ಪ್ರಿಫಿಕ್ಸ್ ಕೊಟ್ಟು ಮತ್ತೆ ಹುಡುಕಿ, ತಕ್ಷಣ ಸಿಗುತ್ತದೆ. ಈ ಶೆಲ್ ನನಗೆ ತುಂಬಾ ಇಷ್ಟ. ಫೋಲ್ಡರ್‌ಗಳಲ್ಲಿ ಓಡಾಡಿದ ಹಾಗೆ ಡಾಕ್ಯುಮೆಂಟಿನ ಒಳಗೆ ಎಲಿಮೆಂಟಿಂದ ಎಲಿಮೆಂಟಿಗೆ ಓಡಾಡಬಹುದು, ಡಾಕ್ಯುಮೆಂಟ್ ಒಂದು ಮರ ಅನ್ನೋದು ಆಗಲೇ ತಲೆಗೆ ಹೋಗೋದು.

ಕೊರತೆಗಳೂ ಇವೆ. ಇದಕ್ಕೆ ಎಕ್ಸ್‌ಪಾತ್ 1.0 ಮಾತ್ರ ಗೊತ್ತು, ಅಂದರೆ 1999ರದ್ದು. ರೆಗ್ಯುಲರ್ ಎಕ್ಸ್‌ಪ್ರೆಷನ್‌ನಿಂದ ಹುಡುಕೋದು, ಡೇಟುಗಳ ಲೆಕ್ಕ, ಇವೆಲ್ಲ 2007ರ 2.0ರಲ್ಲಿ ಬಂದವು, ಇಲ್ಲಿ ಸಿಗುವುದಿಲ್ಲ. ಸ್ಕೀಮಾ (ಫೈಲಿನಲ್ಲಿ ಏನೇನು ಹೇಗಿರಬೇಕು ಅನ್ನುವ ನಿಯಮಪಟ್ಟಿ) ಪರೀಕ್ಷೆ ಚೆನ್ನಾಗಿ ಮಾಡುತ್ತದೆ, ಆದರೆ ಸ್ಕೀಮಾ ಬರೆಯುವ ಎಕ್ಸ್‌ಎಸ್‌ಡಿ 1.1ರ ಅಸರ್ಟ್ ನಿಯಮಗಳು ಇದಕ್ಕೆ ಬರಲ್ಲ. ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ಬದಲಿಸುವ ಜೊತೆಗಾರ ಟೂಲ್ ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಕೂಡ ಎಕ್ಸ್‌ಎಸ್‌ಎಲ್‌ಟಿ 1.0ಕ್ಕೇ ನಿಂತಿದೆ. ಅಷ್ಟು ದೂರ ಹೋಗಬೇಕು ಅನ್ನುವವರು ಸ್ಯಾಕ್ಸನ್ ಅನ್ನುವ ಟೂಲಿನ ಉಚಿತ ಎಚ್‌ಇ ಆವೃತ್ತಿ ತೆಗೆದುಕೊಳ್ಳಿ, ಅದರಲ್ಲಿ ಎಕ್ಸ್‌ಎಸ್‌ಎಲ್‌ಟಿ 3.0 ಇದೆ. ಆದರೆ ಶುರುವಿಗೇ ಅದು ಬೇಡ.

ಹೊರಗಿನವರು ಕಳಿಸಿದ ಫೈಲಿನ ಮೇಲೆ ನೋಎಂಟ್ ಆಯ್ಕೆ ಮಾತ್ರ ದಯವಿಟ್ಟು ಹಾಕಬೇಡಿ. ಅದು ಎಂಟಿಟಿಗಳನ್ನು ಬಿಡಿಸಿ ತುಂಬುತ್ತದೆ. ಕೆಟ್ಟ ಉದ್ದೇಶದ ಫೈಲಾದರೆ ನಿಮ್ಮ ಕಂಪ್ಯೂಟರಿನ ಬೇರೆ ಫೈಲುಗಳ ವಿಷಯವನ್ನೂ ಎಳೆದು ತರಬಹುದು.

ನಮ್ಮ ತಂಡದಲ್ಲಿ ಈಗ ಗಿಟ್ ಕಮಿಟ್‌ಗೆ ಮೊದಲು ಎಲ್ಲಾ ಕನ್ನಡ ಸ್ಟ್ರಿಂಗ್ ಫೈಲುಗಳೂ ಇದರ ಮೂಲಕವೇ ಹೋಗಬೇಕು. ತಪ್ಪಿದ್ದರೆ ಕಮಿಟ್ ಆಗುವುದಿಲ್ಲ. ಹೊಸದಾಗಿ ಸೇರಿದವರು ಎಕ್ಸ್‌ಎಂಎಲ್ ನಿಯಮ ಕಲಿಯುತ್ತಿರುವುದೂ ಅಲ್ಲೇ.