ಟೀ-ಬಾರ್ ಬೆಟ್ಟ, ಚೇರ್‌ಲಿಫ್ಟ್ ಬೆಟ್ಟ: ಎರಡೂ ಕಡೆ ಸ್ಕೀ ಮಾಡಿ ನೋಡಿದ್ದು

ಈ ಚಳಿಗಾಲದಲ್ಲಿ ನಾನು, ನನ್ನ ಹೆಂಡತಿ, ಎಂಟು ವರ್ಷದ ಮಗಳು ಎರಡು ಚಿಕ್ಕ ಸ್ಕೀ ರೆಸಾರ್ಟ್‌ಗಳಿಗೆ ಮೂರು ಮೂರು ದಿನ ಹೋಗಿ ಬಂದೆವು. ಮೂವರೂ ಹೊಸಬರು. ಒಂದು ಕಡೆ ಏಳು ಇಳಿಜಾರು, ಎರಡು ಟೀ-ಬಾರ್, ಅಷ್ಟೇ. ಇನ್ನೊಂದು ಕಡೆ ಹದಿನಾರು ಇಳಿಜಾರು, ಎರಡು ಚೇರ್‌ಲಿಫ್ಟ್, ಮೇಲೆ ಹೋದರೆ ಒಳ್ಳೆ ನೋಟ. ಮ್ಯಾಪ್ ಹಿಡಿದು ನೋಡಿದರೆ ಎರಡನೆಯದೇ ಬೇಕು ಅನ್ನಿಸುತ್ತದೆ. ನಮಗೆ ಒಗ್ಗಿದ್ದು ಮಾತ್ರ ಮೊದಲನೆಯದು.

ಲಿಫ್ಟ್ ವಿಷಯ ಮೊದಲು, ಯಾಕೆಂದರೆ ದಿನದಲ್ಲಿ ಎಷ್ಟು ಸಲ ಜಾರುತ್ತೀರಿ ಅನ್ನುವುದೆಲ್ಲ ಅದರ ಮೇಲೇ ನಿಂತಿದೆ. ಟೀ-ಬಾರ್ ಅಂದರೆ ತಲೆಕೆಳಗಾದ ಇಂಗ್ಲಿಷ್ ಟೀ ಅಕ್ಷರದ ಆಕಾರದ ಒಂದು ಕೋಲು. ಮೇಲೆ ಓಡುವ ಹಗ್ಗಕ್ಕೆ ಅದನ್ನು ನೇತುಹಾಕಿರುತ್ತಾರೆ. ಇಬ್ಬರು ಅಕ್ಕಪಕ್ಕ ನಿಂತು ಅಡ್ಡಪಟ್ಟಿಯನ್ನು ತೊಡೆಯ ಹಿಂದಕ್ಕೆ ತಂದುಕೊಳ್ಳಬೇಕು, ಅದು ಎಳೆದುಕೊಂಡು ಹೋಗುತ್ತದೆ. ಅದರ ಮೇಲೆ ಕೂರಬಾರದು. ನಾನು ಮೊದಲ ಸಲ ಕುರ್ಚಿ ಅಂದುಕೊಂಡು ಭಾರ ಬಿಟ್ಟೆ, ಪಟ್ಟಿ ಸೀದಾ ಕೆಳಗೆ ಹೋಯಿತು, ನಾನೂ ಹೋದೆ. ಬಿದ್ದ ಕೂಡಲೇ ಟ್ರ್ಯಾಕ್‌ನಿಂದ ಪಕ್ಕಕ್ಕೆ ಉರುಳಿಕೊಳ್ಳಿ, ಹಿಂದಿನವರು ಬರುತ್ತಲೇ ಇರುತ್ತಾರೆ. ಮಂಡಿ ಸ್ವಲ್ಪ ಬಗ್ಗಿಸಿ, ಸ್ಕೀಗಳನ್ನು ನೇರ ಇಟ್ಟು, ಸುಮ್ನೆ ನಿಂತರೆ ಸಾಕು. ಮೂರನೇ ಸಲಕ್ಕೆ ಬಂತು.

ಚೇರ್‌ಲಿಫ್ಟ್‌ನಲ್ಲಿ ಕೂತು ಹೋಗುವ ಸುಖವೇ ಬೇರೆ, ಒಪ್ಪುತ್ತೇನೆ. ಇದು 1936ರಲ್ಲಿ ಅಮೆರಿಕದ ಸನ್ ವ್ಯಾಲಿಯಲ್ಲಿ ಶುರುವಾದದ್ದು. ಹಡಗಿಗೆ ಬಾಳೆಗೊನೆ ಏರಿಸುವ ಯಂತ್ರ ಗೊತ್ತಿದ್ದ ಜಿಮ್ ಕರನ್ ಅನ್ನುವ ಎಂಜಿನಿಯರ್ ಗೊನೆಯ ಕೊಕ್ಕೆ ಇದ್ದಲ್ಲಿ ಕುರ್ಚಿ ತೂಗುಹಾಕಿದರು. ಕಾಲಿಗೆ ವಿಶ್ರಾಂತಿ ಸಿಗುತ್ತದೆ, ಮಾತಾಡಬಹುದು. ಆದರೆ ಚಿಕ್ಕ ರೆಸಾರ್ಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಹಗ್ಗಕ್ಕೆ ಗಟ್ಟಿಯಾಗಿ ಕಚ್ಚಿಕೊಂಡ ಹಳೇ ಮಾದರಿ. ಸೆಕೆಂಡಿಗೆ ಎರಡೂವರೆ ಮೀಟರ್‌ಗಿಂತ ಹೆಚ್ಚು ಓಡುವುದು ಕಡಿಮೆ. ಮೇಲೆ ಹೋಗಲು ಏಳೆಂಟು ನಿಮಿಷ, ಶನಿವಾರ ಕ್ಯೂ ಇಪ್ಪತ್ತು ನಿಮಿಷ. ನಾನು ಎಣಿಸಿದೆ: ಆ ದಿನ ಒಂಬತ್ತು ಸಲ ಜಾರಿದೆ. ಟೀ-ಬಾರ್ ಬೆಟ್ಟದಲ್ಲಿ, ಅದೂ ಶನಿವಾರವೇ, ಇಪ್ಪತ್ತೊಂದು ಸಲ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೇನು ಬೇಕು? ತಿರುಗುವುದು ಮೈಗೆ ಹತ್ತುವುದು ತಿರುಗಿ ತಿರುಗಿಯೇ.

ಇನ್ನೊಂದು, ಗಾಳಿ. ಎತ್ತರದಲ್ಲಿ ತೂಗುವ ಕುರ್ಚಿಗಳನ್ನು ಜೋರು ಗಾಳಿಗೆ ನಿಲ್ಲಿಸಲೇಬೇಕು. ನಮಗೆ ಎರಡನೇ ದಿನ ಬೆಳಗ್ಗೆ ಎರಡು ಗಂಟೆ ಹಾಗೇ ಹೋಯಿತು. ನೆಲಕ್ಕೆ ಹತ್ತಿರ ಓಡುವ ಟೀ-ಬಾರ್‌ಗೆ ಈ ತಾಪತ್ರಯ ತೀರಾ ಕಡಿಮೆ.

ಹಿಮದ ವಿಷಯದಲ್ಲಿ ಬೆಟ್ಟ ಯಾವ ಕಡೆ ಮುಖ ಮಾಡಿದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ, ನೀವೇ ಮ್ಯಾಪ್‌ನಲ್ಲಿ ನೋಡಿಕೊಳ್ಳಿ. ಭೂಮಿಯ ಉತ್ತರಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಕಡಿಮೆ, ಹಿಮ ಉಳಿಯುತ್ತದೆ. ದಕ್ಷಿಣದ ಕಡೆ ಮಧ್ಯಾಹ್ನ ಕರಗಿ ಸಂಜೆ ಮತ್ತೆ ಗಟ್ಟಿಯಾಗುತ್ತದೆ. ಚೇರ್‌ಲಿಫ್ಟ್ ಬೆಟ್ಟ ದಕ್ಷಿಣಕ್ಕಿತ್ತು. ಬೆಳಗ್ಗೆ ಅಲ್ಲಿ ಹಿಮ ಎಷ್ಟು ಚೆಂದ ಅಂದರೆ, ರಾತ್ರಿ ಯಂತ್ರ ಓಡಿಸಿ ಹದ ಮಾಡಿದ ಗೆರೆಗಳು ಕಾರ್ಡುರಾಯ್ ಬಟ್ಟೆಯ ಹಾಗೆ ಕಾಣುತ್ತವೆ, ಸ್ಕೀ ತಾನಾಗಿ ಹೋಗುತ್ತದೆ. ನೆರಳು ಬಿದ್ದ ಮೇಲೆ, ಸಂಜೆ ನಾಲ್ಕರ ಹೊತ್ತಿಗೆ, ಅದೇ ಜಾಗದಲ್ಲಿ ಸ್ಕೀ ಅಂಚಿನಿಂದ ಸಿಮೆಂಟ್ ನೆಲದ ಮೇಲೆ ಕಬ್ಬಿಣ ಎಳೆದ ಹಾಗೆ ಕರ್ರ್ ಅನ್ನುವ ಸದ್ದು. ಅಂಚು ಕಚ್ಚುವುದೇ ಇಲ್ಲ. ನನ್ನ ಹೆಂಡತಿ ಅಲ್ಲಿ ಸೊಂಟದ ಮೇಲೆ ಬಿದ್ದು ಉಳಿದ ಹೊತ್ತು ಕೂತೇ ಇದ್ದಳು.

ಎರಡೂ ಕಡೆ ಯಂತ್ರದ ಹಿಮ ಹಾಕುತ್ತಾರೆ. ಅದಕ್ಕೆ ಬರೀ ಚಳಿ ಸಾಲದು, ಗಾಳಿ ಒಣಗಿರಬೇಕು. ಸೊನ್ನೆ ಡಿಗ್ರಿ ಹತ್ತಿರ ಇದ್ದರೂ ಗಾಳಿ ಒಣಗಿದ್ದರೆ ಹಿಮ ಆಗುತ್ತದೆ, ತೇವ ಜಾಸ್ತಿ ಇದ್ದರೆ ಇನ್ನಷ್ಟು ಚಳಿ ಬೇಕು. ಯಂತ್ರದ ಹಿಮದ ಕಣ ದುಂಡಗಿರುತ್ತದೆ, ಒತ್ತಾಗಿ ಕೂರುತ್ತದೆ, ಬೇಗ ಕರಗುವುದಿಲ್ಲ. ಬಿದ್ದರೆ ಮಾತ್ರ ಜಾಸ್ತಿ ನೋವು.

ಇಳಿಜಾರಿನ ಬಣ್ಣ ನಂಬಿ ಹೋಗಬೇಡಿ. ಹಸಿರು ಸುಲಭ, ನೀಲಿ ಮಧ್ಯಮ, ಕಪ್ಪು ಕಷ್ಟ ಅನ್ನುವುದು ಉತ್ತರ ಅಮೆರಿಕದ ಲೆಕ್ಕ. ಯೂರೋಪಿನಲ್ಲಿ ನೀಲಿಯೇ ಸುಲಭದ ಕಡೆ ಬರುತ್ತದೆ, ನಡುವೆ ಕೆಂಪು ಇದೆ. ಜೊತೆಗೆ ಒಂದು ಬೆಟ್ಟದ ಬಣ್ಣವನ್ನು ಆ ಬೆಟ್ಟದ ಉಳಿದ ಇಳಿಜಾರುಗಳಿಗೆ ಹೋಲಿಸಿ ಕೊಟ್ಟಿರುತ್ತಾರೆ. ನಾವು ಟೀ-ಬಾರ್ ಬೆಟ್ಟದ ನೀಲಿಯಲ್ಲಿ ಆರಾಮಾಗಿ ಬಂದೆವು ಅಂತ ಇನ್ನೊಂದು ಕಡೆಯ ನೀಲಿಗೆ ಹೋದರೆ ಅರ್ಧದಲ್ಲಿ ಸ್ಕೀ ಬಿಚ್ಚಿ ನಡೆದು ಇಳಿಯಬೇಕಾಯಿತು.

ಅಲ್ಲಿ ನನಗೆ ನಿಜಕ್ಕೂ ಕೋಪ ತರಿಸಿದ್ದು ಹಸಿರು ಇಳಿಜಾರು. ಮೇಲಿನ ಎಲ್ಲ ದಾರಿಗಳೂ ಕೊನೆಗೆ ಅದರಲ್ಲೇ ಬಂದು ಸೇರುತ್ತವೆ. ಮಗಳು ಸ್ಕೀಗಳನ್ನು ತ್ರಿಕೋನ ಮಾಡಿಕೊಂಡು ಮೆಲ್ಲಗೆ ಇಳಿಯುತ್ತಿದ್ದರೆ ಕಿವಿ ಪಕ್ಕದಲ್ಲೇ ಸುಯ್ ಅಂತ ಯಾರೋ ಹೋಗುತ್ತಾರೆ. ಕೆಳಗಿರುವವರಿಗೆ ದಾರಿ ಬಿಡುವುದು ಮೇಲಿಂದ ಬರುವವರ ಹೊಣೆ, ಇದು ಎಲ್ಲ ಕಡೆ ಒಪ್ಪಿದ ನಿಯಮ. ಆದರೂ ಎಂಟು ವರ್ಷದ ಮಗುವನ್ನು ಬರೀ ನಿಯಮದ ಮೇಲೆ ಬಿಡಲು ಆಗುತ್ತಾ? ಟೀ-ಬಾರ್ ಬೆಟ್ಟದಲ್ಲಿ ಕಲಿಯುವವರ ಜಾಗಕ್ಕೆ ಬಲೆ ಕಟ್ಟಿ ಬೇರೆ ಮಾಡಿದ್ದಾರೆ.

ಬಾಡಿಗೆ ಸಾಮಾನು ಕೊಡುವ ಜಾಗದಲ್ಲೂ ಅದೇ ಕಥೆ. ಟೀ-ಬಾರ್ ಬೆಟ್ಟದಲ್ಲಿ ತೂಕ, ಎತ್ತರ, ವಯಸ್ಸು, ಎಷ್ಟು ಬರುತ್ತದೆ ಎಲ್ಲ ಕೇಳಿ, ಬೂಟಿನ ಅಟ್ಟೆಯ ಉದ್ದ ನೋಡಿ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನ ಸ್ಕ್ರೂ ತಿರುಗಿಸಿ ಕೊಟ್ಟರು. ಬಿದ್ದಾಗ ಬೂಟು ಸ್ಕೀಯಿಂದ ಬಿಟ್ಟುಕೊಳ್ಳಬೇಕಾ ಬೇಡವಾ ಅನ್ನುವುದು ಆ ಲೆಕ್ಕದ ಮೇಲಿದೆ, ತಪ್ಪಾದರೆ ಮಂಡಿಗೆ ಪೆಟ್ಟು. ಇನ್ನೊಂದು ಕಡೆ ಬೂಟಿನ ಸೈಜ್ ಬಿಟ್ಟು ಏನೂ ಕೇಳಲಿಲ್ಲ. ನಾನೇ ಕೇಳಿ ಮಾಡಿಸಿಕೊಂಡೆ, ನೀವೂ ಕೇಳಿ.

ಟೀ-ಬಾರ್ ಬೆಟ್ಟಕ್ಕೂ ಕೊರತೆ ಇದೆ. ದೊಡ್ಡವರ ಜೊತೆ ಮಗು ನಿಂತರೆ ಪಟ್ಟಿ ನಮಗೆ ತೊಡೆಗೆ ಬರುತ್ತದೆ, ಮಗುವಿಗೆ ಬೆನ್ನಿಗೆ. ಮಗಳು ಎರಡು ಸಲ ಜಾರಿ ಬಿದ್ದು ಅತ್ತಳು, ಆಮೇಲೆ ಚಲಿಸುವ ಬೆಲ್ಟ್ ಇರುವ ಪುಟ್ಟ ಇಳಿಜಾರಿನಲ್ಲೇ ಉಳಿದಳು. ಮಧ್ಯಾಹ್ನದ ಹೊತ್ತಿಗೆ ನನ್ನ ತೊಡೆಯೂ ನಡುಗುತ್ತಿತ್ತು. ಚೆನ್ನಾಗಿ ಬರುವವರಿಗೆ ಏಳು ಇಳಿಜಾರು ಎರಡನೇ ದಿನಕ್ಕೇ ಬೇಜಾರಾಗುತ್ತದೆ, ಅಂಥವರು ಇನ್ನೊಂದಕ್ಕೆ ಹೋಗಲಿ.

ನಾವು ಮುಂದಿನ ಚಳಿಗಾಲಕ್ಕೆ ಟೀ-ಬಾರ್ ಬೆಟ್ಟದ ಸೀಸನ್ ಪಾಸ್ ತಗೊಳ್ಳುತ್ತೇವೆ. ಮಗಳಿಗೆ ಕುರ್ಚಿಯಲ್ಲಿ ಕೂತು ಮೇಲಿಂದ ನೋಡುವ ಆಸೆ ಇನ್ನೂ ಹೋಗಿಲ್ಲ. ಅವಳಿಗಾಗಿ ಒಂದು ವಾರದ ದಿನ, ಬೆಳಗ್ಗೆ ಲಿಫ್ಟ್ ಶುರುವಾಗುವ ಹೊತ್ತಿಗೇ ಹೋಗಿ, ಹಿಮ ಗಟ್ಟಿಯಾಗುವ ಮೊದಲು ವಾಪಸ್ ಬರುತ್ತೇವೆ.