ವರ್ಚುವಲ್‌ಬಾಕ್ಸ್ + ವೇಗ್ರಂಟ್: ಆರು ವರ್ಷ ದಿನಾ ಬಳಸಿದ ಮೇಲೆ

ಮೊನ್ನೆ ನನ್ನ ಕೆಲಸದ ವಿಎಂನ (ವರ್ಚುವಲ್ ಮಷಿನ್, ಅಂದ್ರೆ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಲ್ಲೇ ಓಡೋ ಇನ್ನೊಂದು ಕಂಪ್ಯೂಟರ್) ಪೂರ್ತಿ ಡಿಲೀಟ್ ಮಾಡಿ ಮತ್ತೆ ಮೊದಲಿಂದ ಎಬ್ಬಿಸಿದೆ. ಅದನ್ನ ಓಡಿಸೋದು ವರ್ಚುವಲ್‌ಬಾಕ್ಸ್, ಕಟ್ಟಿ ಎಬ್ಬಿಸಿ ಕೊಡೋದು ವೇಗ್ರಂಟ್. ಹನ್ನೊಂದು ನಿಮಿಷ ಆಯ್ತು, ಅದ್ರಲ್ಲೂ ಅರ್ಧಕ್ಕಿಂತ ಜಾಸ್ತಿ ಡೌನ್‌ಲೋಡ್‌ಗೇ ಹೋಗಿದ್ದು. ಆರು ವರ್ಷದ ಹಿಂದೆ ಇದೇ ಕೆಲಸಕ್ಕೆ ಎರಡು ದಿನ ಹಿಡಿದಿತ್ತು, ಆಮೇಲೂ ಡೇಟಾಬೇಸ್ ಯಾಕೆ ಕನೆಕ್ಟ್ ಆಗ್ತಿಲ್ಲ ಅಂತ ಇನ್ನೊಂದು ಸಂಜೆ ತಲೆ ಕೆರ್ಕೊಂಡು ಕೂತಿದ್ದೆ. ಆ ಎರಡು ದಿನ ಹನ್ನೊಂದು ನಿಮಿಷ ಆಗೋಕೆ ಏನೇನು ಪೆಟ್ಟು ತಿಂದೆ ಅನ್ನೋದನ್ನ ಬರೀತಿದೀನಿ.

ನನ್ನ ಸೆಟಪ್ ಇಷ್ಟೇ: ಹೊರಗೆ ವಿಂಡೋಸ್ ಲ್ಯಾಪ್‌ಟಾಪ್, 16 ಜಿಬಿ ರ‍್ಯಾಮ್, ಒಳಗೆ ಉಬುಂಟು ಸರ್ವರ್ (ಲಿನಕ್ಸ್), ಡೆಸ್ಕ್‌ಟಾಪ್ ಗಿಸ್ಕ್‌ಟಾಪ್ ಏನಿಲ್ಲ, ಬರೀ ಎಸ್‌ಎಸ್‌ಎಚ್ (ಹೊರಗಿಂದ ಕಮಾಂಡ್ ಟೈಪ್ ಮಾಡೋ ಕನೆಕ್ಷನ್). ಒಂದು ಪ್ರಾಜೆಕ್ಟ್‌ಗೆ ಹಳೇ ಪಿಎಚ್‌ಪಿ ಬೇಕು, ಇನ್ನೊಂದಕ್ಕೆ ಹೊಸ ನೋಡ್ (ಜಾವಾಸ್ಕ್ರಿಪ್ಟ್ ಓಡಿಸೋ ಸಾಫ್ಟ್‌ವೇರ್) ಬೇಕು, ಮೂರನೇದ್ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್‌ನಲ್ಲಿರೋ ವರ್ಷನ್ನೇ ಆಗ್ಬೇಕು, ಎಲ್ಲಾನೂ ಒಂದೇ ಮಷಿನ್ನಲ್ಲಿ ತುರುಕಿ ಒಂದಕ್ಕೊಂದು ಜಗಳ ಹತ್ತಿ ಸಾಕಾಗಿ ವಿಎಂ ಕಡೆ ಬಂದೋನು ನಾನು.

ವರ್ಚುವಲ್‌ಬಾಕ್ಸ್ ಹಳೇ ಹುಲಿ. ಇನ್ನೋಟೆಕ್ ಅನ್ನೋ ಜರ್ಮನ್ ಕಂಪನಿ 2007ರಲ್ಲಿ ಬಿಟ್ಟಿದ್ದು, 2008ರಲ್ಲಿ ಸನ್ ಕೈಗೆ ಹೋಯ್ತು, 2010ರಲ್ಲಿ ಸನ್‌ನೇ ಒರಾಕಲ್ ಪಾಲಾಯ್ತು. ಮುಖ್ಯ ಪ್ಯಾಕೇಜ್ ಓಪನ್ ಸೋರ್ಸ್, ಯಾರ್ ಬೇಕಾದ್ರೂ ಹಾಕ್ಕೋಬಹುದು. ಆದ್ರೆ ಪಕ್ಕದಲ್ಲೇ ಇರೋ ಎಕ್ಸ್‌ಟೆನ್ಷನ್ ಪ್ಯಾಕ್ ಬೇರೆ ಲೈಸೆನ್ಸ್, ಮನೇಲಿ ಸ್ವಂತಕ್ಕೆ ಅಥವಾ ಕಲಿಯೋಕೆ ಫ್ರೀ, ಆಫೀಸ್ ಕೆಲಸಕ್ಕೆ ಅಲ್ಲ. ಕಣ್ಮುಚ್ಕೊಂಡು ಎರಡೂ ಇನ್‌ಸ್ಟಾಲ್ ಮಾಡ್ಬೇಡಿ. 7.0 ಬಂದ್ಮೇಲೆ ಯುಎಸ್‌ಬಿ 2, 3 ಸಪೋರ್ಟ್ ಮುಖ್ಯ ಪ್ಯಾಕೇಜಿಗೇ ಬಂದಿರೋದ್ರಿಂದ ನನಗಂತೂ ಆ ಪ್ಯಾಕ್ ಬೇಕೇ ಆಗಿಲ್ಲ.

ಶುರುನಲ್ಲಿ ಎಲ್ಲರಿಗೂ ಎದುರಾಗೋದು ಬಯೋಸ್ (ಕಂಪ್ಯೂಟರ್ ಆನ್ ಆಗೋವಾಗಿನ ಮೂಲ ಸೆಟ್ಟಿಂಗ್). ವಿಎಂಗೆ ಅಂತ ಪ್ರೊಸೆಸರ್‌ನಲ್ಲಿರೋ ವಿಟಿ-ಎಕ್ಸ್ ಅಥವಾ ಎಎಂಡಿ-ವಿ ಸೌಲಭ್ಯ ಆಫ್ ಆಗಿದ್ರೆ 64 ಬಿಟ್ ಗೆಸ್ಟ್ (ಒಳಗಿನ ಸಿಸ್ಟಂ) ಓಡಲ್ಲ, ಒಳಗೆ ಹೋಗಿ ಆನ್ ಮಾಡಿದ್ರೆ ಮುಗೀತು, ಅದು ಸುಲಭ. ನನ್ನನ್ನ ಆಟ ಆಡಿಸಿದ್ದು ಆಮೆ.

ಹೌದು, ಆಮೆನೇ. ಒಂದಿನ ಇದ್ದಕ್ಕಿದ್ದಂಗೆ ವಿಎಂ ತೆವಳೋಕೆ ಶುರು ಮಾಡ್ತು. ಟೆಸ್ಟ್ ಓಡಿಸಿದ್ರೆ ಮುಗಿಯೋದೇ ಇಲ್ಲ, ಬೂಟ್ ಆಗೋಕೂ ಯುಗ. ರ‍್ಯಾಮ್ ಜಾಸ್ತಿ ಕೊಟ್ಟೆ, ಕೋರ್ ಜಾಸ್ತಿ ಕೊಟ್ಟೆ, ಇನ್ನೂ ನಿಧಾನ ಆಯ್ತು. ಎರಡು ವಾರ ಲ್ಯಾಪ್‌ಟಾಪ್‌ಗೆ ವಯಸ್ಸಾಯ್ತು ಅಂತಾನೇ ನಂಬಿದ್ದೆ. ಆಮೇಲೆ ಒಂದ್ಸಲ ವಿಎಂ ವಿಂಡೋದ ಕೆಳಗಡೆ ಐಕಾನ್ ಸಾಲು ನೋಡ್ತೀನಿ, ಪ್ರೊಸೆಸರ್ ಚಿಪ್ ಇರ್ಬೇಕಾದ ಜಾಗದಲ್ಲಿ ಒಂದು ಪುಟಾಣಿ ಹಸಿರು ಆಮೆ ಕೂತಿದೆ. ಅದರರ್ಥ ಏನಂದ್ರೆ ವರ್ಚುವಲ್‌ಬಾಕ್ಸ್‌ಗೆ ಪ್ರೊಸೆಸರ್ ನೇರವಾಗಿ ಸಿಗ್ತಿಲ್ಲ, ವಿಂಡೋಸ್‌ನದ್ದೇ ವಿಎಂ ವ್ಯವಸ್ಥೆ ಹೈಪರ್-ವಿ ಅದನ್ನ ಹಿಡ್ಕೊಂಡಿದೆ, ಇದು ಅದರ ಮೇಲೆ ಕೂತ್ಕೊಂಡು ಕೆಲಸ ಮಾಡ್ತಿದೆ. ಆನ್ ಮಾಡಿದ್ದು ಯಾರು? ನಾನೇ. ಡಬ್ಲ್ಯೂಎಸ್‌ಎಲ್ 2 (ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ಸೌಲಭ್ಯ) ಹೆಂಗಿದೆ ನೋಡೋಣ ಅಂತ ಹಾಕಿ ಮರ್ತೇ ಬಿಟ್ಟಿದ್ದೆ. ವಿಂಡೋಸ್ ಸೆಕ್ಯುರಿಟಿಯಲ್ಲಿರೋ ಮೆಮೊರಿ ಇಂಟೆಗ್ರಿಟಿ ಆನ್ ಇದ್ರೂ ಇದೇ ಕಥೆ. ಎರಡೂ ಆಫ್ ಮಾಡಿ ರೀಸ್ಟಾರ್ಟ್ ಮಾಡಿದ ಮೇಲೆ ಆಮೆ ಹೋಯ್ತು, ವೇಗ ವಾಪಸ್ ಬಂತು. ಆದ್ರೆ ಡಬ್ಲ್ಯೂಎಸ್‌ಎಲ್ 2ನ ಬಿಡ್ಬೇಕಾಯ್ತು, ಮೆಮೊರಿ ಇಂಟೆಗ್ರಿಟಿ ಆಫ್ ಮಾಡೋದೂ ಸುಮ್ನೆ ಅಲ್ಲ, ಅದು ಸೆಕ್ಯುರಿಟಿಗೆ ಅಂತ ಇರೋದು, ಯೋಚ್ನೆ ಮಾಡಿ ಮಾಡಿ.

ಕೋರ್ ಜಾಸ್ತಿ ಕೊಟ್ರೆ ಫಾಸ್ಟ್ ಆಗತ್ತೆ ಅನ್ನೋ ಭ್ರಮೆನೂ ಆಗ್ಲೇ ಹೋಯ್ತು. ಇರೋ ಕೋರ್ ಎಲ್ಲಾ ಒಳಗಡೆಗೆ ದಾನ ಮಾಡಿದ್ರೆ ಹೊರಗಿನ ವಿಂಡೋಸ್ ಏನ್ ಮಾಡ್ಬೇಕು ಪಾಪ. ಈಗ 4 ಜಿಬಿ, ಎರಡು ಕೋರ್, ಅಷ್ಟರಲ್ಲೇ ಸುಖವಾಗಿದೀನಿ.

ಇನ್ನು ಶೇರ್ಡ್ ಫೋಲ್ಡರ್. ಹೊರಗಿನ ಫೋಲ್ಡರ್ ಒಳಗೂ ಕಾಣ್ಸತ್ತೆ, ವಿಂಡೋಸ್‌ನಲ್ಲಿ ಎಡಿಟ್ ಮಾಡಿ ಲಿನಕ್ಸ್‌ನಲ್ಲಿ ಓಡಿಸ್ಬಹುದು, ಕೇಳೋಕೆ ಸ್ವರ್ಗ. ನೋಡ್ ಮಾಡ್ಯೂಲ್ಸ್ ಥರ ಸಾವಿರಾರು ಚಿಕ್ಕ ಚಿಕ್ಕ ಫೈಲ್ ಇರೋ ಪ್ರಾಜೆಕ್ಟ್ ಅದ್ರಲ್ಲಿ ಇಟ್ಟು ನೋಡಿ, ಆಗ ಗೊತ್ತಾಗತ್ತೆ. ಒಂದೊಂದು ಫೈಲ್ ತೆಗೆಯೋಕೂ ಗೆಸ್ಟ್‌ನಿಂದ ಹೋಸ್ಟ್‌ಗೆ (ಹೊರಗಿನ ಲ್ಯಾಪ್‌ಟಾಪ್‌ಗೆ) ಹೋಗಿ ಕೇಳ್ಕೊಂಡು ಬರ್ಬೇಕು. ಅದಕ್ಕಿಂತ ದೊಡ್ಡ ತಲೆನೋವು, ಹೊರಗೆ ಫೈಲ್ ಸೇವ್ ಮಾಡಿದ್ರೆ ಒಳಗಿನ ಲಿನಕ್ಸ್ ಕರ್ನಲ್‌ಗೆ (ಸಿಸ್ಟಂನ ತಿರುಳಿಗೆ) ಆ ಸುದ್ದಿ ಮುಟ್ಟಲ್ಲ, ಹಾಗಾಗಿ ಫೈಲ್ ಬದಲಾದಾಗ ಪೇಜ್ ತಾನೇ ಹೊಸದಾಗಿಸೋ ಲೈವ್ ರಿಲೋಡ್ ಸುಮ್ನೆ ಕೂತಿರತ್ತೆ. ಪೋಲಿಂಗ್ (ಆಗಾಗ ಫೈಲ್‌ಗಳನ್ನೆಲ್ಲಾ ತಾನೇ ನೋಡ್ತಾ ಇರೋದು) ಆನ್ ಮಾಡಿದ್ರೆ ಕೆಲಸ ಆಗತ್ತೆ, ಫ್ಯಾನ್ ಮಾತ್ರ ಬೊಬ್ಬೆ ಹೊಡೆಯತ್ತೆ. ವಿಂಡೋಸ್‌ನಲ್ಲಿ ಬರೆದ ಶೆಲ್ ಸ್ಕ್ರಿಪ್ಟ್ ಒಳಗೆ ಓಡದೇ ಇದ್ರೆ ಸಾಲಿನ ಕೊನೇಲಿ ಕಾಣದಂಗೆ ಕೂತಿರೋ ವಿಂಡೋಸ್ ಲೈನ್ ಎಂಡಿಂಗ್ ಕಾರಣ, ಅದಕ್ಕೂ ಒಂದು ಮಧ್ಯಾಹ್ನ ಬಲಿ ಕೊಟ್ಟಿದೀನಿ.

ಕೊನೆಗೆ ಕೋಡ್ ಎಲ್ಲಾ ವಿಎಂನ ಸ್ವಂತ ಡಿಸ್ಕ್‌ಗೇ ಸಾಗಿಸಿ, ವಿಎಸ್ ಕೋಡ್ ಎಡಿಟರ್‌ನ ರಿಮೋಟ್ ಎಸ್‌ಎಸ್‌ಎಚ್ ಎಕ್ಸ್‌ಟೆನ್ಷನ್ ಹಾಕ್ಕೊಂಡು ಅಲ್ಲೇ ಎಡಿಟ್ ಮಾಡೋಕೆ ಶುರು ಮಾಡಿದೆ. ಕಿಟಕಿ ಇಲ್ಲಿ, ಫೈಲ್ ಅಲ್ಲಿ. ಇದೊಂದು ಬದಲಾವಣೆ ಮೊದಲನೇ ವರ್ಷನೇ ಮಾಡಿದ್ರೆ ಎಷ್ಟು ಬಿಪಿ ಉಳೀತಿತ್ತೋ.

ಡೇಟಾಬೇಸ್ ಕನೆಕ್ಟ್ ಆಗ್ಲಿಲ್ಲ ಅಂದ್ನಲ್ಲ, ಅದು ನೆಟ್‌ವರ್ಕ್ ಕಥೆ. ಸುಮ್ನೆ ಬಿಟ್ರೆ ವರ್ಚುವಲ್‌ಬಾಕ್ಸ್ ನ್ಯಾಟ್ ಕೊಡತ್ತೆ (ಒಳಗಿಂದ ಹೊರಗೆ ಹೋಗ್ಬಹುದು, ಹೊರಗಿಂದ ನೇರ ಒಳಗೆ ಬರೋಕಾಗಲ್ಲ), ಒಳಗಿನ ಅಡ್ರೆಸ್ 10.0.2.15, ಒಳಗಿಂದ ಹೊರಗಿನ ಲ್ಯಾಪ್‌ಟಾಪ್ ಬೇಕಂದ್ರೆ 10.0.2.2. ಹೊರಗಿಂದ ಒಳಗೆ ಹೋಗೋಕೆ ಪೋರ್ಟ್ ಫಾರ್ವರ್ಡ್ ಮಾಡ್ಬೇಕು, ಅಂದ್ರೆ ಲ್ಯಾಪ್‌ಟಾಪ್‌ನ ಒಂದು ಪೋರ್ಟ್‌ಗೆ ಬಂದಿದ್ದನ್ನ ಒಳಗಿನ ಪೋರ್ಟ್‌ಗೆ ದಾಟಿಸ್ಬೇಕು. ನಾನು ಫಾರ್ವರ್ಡ್ ಮಾಡಿದ್ದೆ, ಆದ್ರೆ ಒಳಗೆ ಪೋಸ್ಟ್‌ಗ್ರೆಸ್ ಬರೀ 127.0.0.1 (ಆ ಮಷಿನ್ನಿಗೆ ತನ್ನದೇ ಅಡ್ರೆಸ್) ಮೇಲೆ ಕಿವಿ ಇಟ್ಕೊಂಡು ಕೂತಿತ್ತು. ಹೊರಗಿಂದ ಬರೋ ಕನೆಕ್ಷನ್ ಬರೋದು 10.0.2.15 ಬಾಗಿಲಿಗೆ, ಇವರು ಕೂತಿರೋದು ಹಿತ್ತಲಲ್ಲಿ. ಎಲ್ಲಾ ಅಡ್ರೆಸ್ ಮೇಲೂ ಕೇಳ್ಕೋ ಅಂತ ಹೇಳಿದ ತಕ್ಷಣ ಸರಿ ಹೋಯ್ತು. ಹೊರಗಡೆ ಫಾರ್ವರ್ಡ್ ರೂಲ್‌ನಲ್ಲಿ ಮಾತ್ರ ಹೋಸ್ಟ್ ಐಪಿ ಜಾಗ ಖಾಲಿ ಬಿಡ್ಬೇಡಿ, ಅಲ್ಲಿ 127.0.0.1 ಬರೀರಿ, ಇಲ್ಲಾಂದ್ರೆ ಒಂದೇ ವೈಫೈನಲ್ಲಿರೋರಿಗೂ ನಿಮ್ಮ ಡೇಟಾಬೇಸ್ ಪೋರ್ಟ್ ತೆರ್ಕೊಂಡಿರಬಹುದು.

ಗಡಿಯಾರದ್ದು ಚಿಕ್ಕ ವಿಷ್ಯ ಆದ್ರೂ ಹೇಳ್ಬೇಕು. ರಾತ್ರಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಬೆಳಿಗ್ಗೆ ತೆಗೆದ್ರೆ ಪ್ಯಾಕೇಜ್ ಅಪ್‌ಡೇಟ್ ಆಗಲ್ಲ, ರಿಲೀಸ್ ಫೈಲ್‌ಗೆ ಇನ್ನೂ ಟೈಮ್ ಆಗಿಲ್ಲ ಅಂತ ಎರರ್. ಡೇಟ್ ಕಮಾಂಡ್ ಕೊಟ್ಟೆ, ವಿಎಂ ಪಾಲಿಗೆ ಇನ್ನೂ ನಿನ್ನೆ ರಾತ್ರಿ ಹನ್ನೊಂದೂಮುಕ್ಕಾಲು. ಗೆಸ್ಟ್ ಅಡಿಷನ್ಸ್ (ವಿಎಂ ಒಳಗೆ ಹಾಕೋ ವರ್ಚುವಲ್‌ಬಾಕ್ಸ್‌ನ ಸಹಾಯಕ ಸಾಫ್ಟ್‌ವೇರ್) ಓಡ್ತಿದ್ರೆ ಟೈಮ್ ಅದೇ ಸರಿ ಮಾಡ್ಕೊಳತ್ತೆ, ನಂದು ಕರ್ನಲ್ ಅಪ್‌ಡೇಟ್ ಆದಾಗ ಹೆಡರ್ಸ್ ಇಲ್ದೆ ಬಿಲ್ಡ್ ಆಗದೆ ಬಿದ್ಕೊಂಡಿತ್ತು.

ಈಗ ನನ್ನ ದೊಡ್ಡ ದಡ್ಡತನಕ್ಕೆ ಬರ್ತೀನಿ, ಸ್ನ್ಯಾಪ್‌ಶಾಟ್ (ವಿಎಂನ ಆ ಕ್ಷಣದ ಸ್ಥಿತಿ ಉಳಿಸಿಟ್ಟು ಬೇಕಾದಾಗ ವಾಪಸ್ ಹೋಗೋ ಸೌಲಭ್ಯ). ಮೊದಲ ಎರಡು ವರ್ಷ ಒಂದೇ ವಿಎಂನ ಮುದ್ದಾಗಿ ಸಾಕಿದ್ದೆ. ಏನ್ ಇನ್‌ಸ್ಟಾಲ್ ಮಾಡೋಕೆ ಮುಂಚೆನೂ ಒಂದು ಸ್ನ್ಯಾಪ್‌ಶಾಟ್, ಒಂಬತ್ತು ಆಗಿತ್ತು, ಅದನ್ನೇ ಬ್ಯಾಕಪ್ ಅನ್ಕೊಂಡು ನಿಶ್ಚಿಂತೆಯಾಗಿದ್ದೆ. ಬ್ಯಾಕಪ್ ಅಲ್ಲ ಅದು. ಪ್ರತಿ ಸ್ನ್ಯಾಪ್‌ಶಾಟ್ ಹಿಂದಿನ ಡಿಸ್ಕ್ ಮೇಲೆ ಬರೀ ಬದಲಾವಣೆ ಇಟ್ಕೊಂಡಿರೋ ಇನ್ನೊಂದು ಫೈಲ್, ಸರಪಳಿಲಿ ಒಂದು ಕೊಂಡಿ ಹೋದ್ರೆ ಅದರ ಮೇಲಿರೋದೆಲ್ಲಾ ಗೋವಿಂದ. ನನಗೆ ಆಗಿದ್ದು ಅದೂ ಅಲ್ಲ, ಅದಕ್ಕಿಂತ ಪೆದ್ದತನ. ಒಂದು ಲೈಬ್ರರಿ ಹಾಳಾಯ್ತು ಅಂತ ಮೂರು ದಿನದ ಹಿಂದಿನ ಸ್ನ್ಯಾಪ್‌ಶಾಟ್‌ಗೆ ರಿಸ್ಟೋರ್ ಕೊಟ್ಟೆ. ಈಗಿನ ಸ್ಥಿತಿಯದ್ದೂ ಒಂದು ಸ್ನ್ಯಾಪ್‌ಶಾಟ್ ತಗೊಳ್ಲಾ ಅಂತ ಅದು ಮರ್ಯಾದೆಯಿಂದ ಕೇಳ್ತು, ಟಿಕ್ ತೆಗೆದೆ. ಲೈಬ್ರರಿ ಸರಿ ಹೋಯ್ತು, ಜೊತೆಗೆ ಮೂರು ದಿನದ ಕೋಡೂ ಹೋಯ್ತು, ಪುಶ್ ಮಾಡಿರ್ಲಿಲ್ಲ (ಹೊರಗಿನ ಸರ್ವರ್‌ಗೆ ಕಳಿಸಿರ್ಲಿಲ್ಲ). ಡಿಸ್ಕ್ ಹಿಂದಕ್ಕೆ ಹೋದ್ರೆ ಪೂರ್ತಿ ಡಿಸ್ಕ್ ಹಿಂದಕ್ಕೆ ಹೋಗತ್ತೆ ಅನ್ನೋದು ಗೊತ್ತಿಲ್ಲದೇ ಇರೋ ವಿಷ್ಯ ಏನಲ್ಲ, ಆದ್ರೂ.

ಅದೇ ವಾರ ಇನ್ನೊಂದು ನೋಡಿದೆ, ಒಳಗೆ ಬಳಸಿರೋದು 18 ಜಿಬಿ, ಹೊರಗೆ ಆ ಡಿಸ್ಕ್ ಫೈಲ್ ಮತ್ತೆ ಅದರ ಮರಿಗಳು ಸೇರಿ 70 ಜಿಬಿ ದಾಟಿತ್ತು. ಡೈನಮಿಕ್ ಡಿಸ್ಕ್ ಬೇಕಾದಾಗ ಬೆಳೆಯತ್ತೆ, ಒಳಗೆ ಫೈಲ್ ಅಳಿಸಿದ್ರೆ ತಾನಾಗಿ ಕುಗ್ಗಲ್ಲ. ಸ್ನ್ಯಾಪ್‌ಶಾಟ್ ಎಲ್ಲಾ ತೆಗೆದು, ಒಳಗಿನ ಖಾಲಿ ಜಾಗಕ್ಕೆ ಸೊನ್ನೆ ತುಂಬಿ, ಆಫ್ ಮಾಡಿ, ಹೊರಗಿಂದ ಕಾಂಪ್ಯಾಕ್ಟ್ ಕಮಾಂಡ್ ಕೊಡ್ಬೇಕು. ಮಾಡಿದೆ, ಇಡೀ ಸಂಜೆ ಹಿಡೀತು.

ಆ ಸಿಟ್ಟಲ್ಲೇ ವೇಗ್ರಂಟ್‌ಗೆ ಬಂದಿದ್ದು. ಮಿಚೆಲ್ ಹಶಿಮೊಟೊ 2010ರಲ್ಲಿ ಶುರು ಮಾಡಿದ್ದು ಇದು, ವಿಚಾರ ಸರಳ: ವಿಎಂ ಹೆಂಗಿರ್ಬೇಕು ಅಂತ ಒಂದು ಫೈಲ್‌ನಲ್ಲಿ ಬರೆದಿಡಿ, ಅಪ್ ಅಂದ್ರೆ ಏಳತ್ತೆ, ಡೆಸ್ಟ್ರಾಯ್ ಅಂದ್ರೆ ಹೋಗತ್ತೆ. ಯಾವ ಬಾಕ್ಸ್ (ತಯಾರಾಗಿ ಸಿಗೋ ವಿಎಂ ಅಚ್ಚು), ಎಷ್ಟು ರ‍್ಯಾಮ್, ಯಾವ ಪೋರ್ಟ್, ಆಮೇಲೆ ಏನೇನು ಇನ್‌ಸ್ಟಾಲ್ ಆಗ್ಬೇಕು ಅನ್ನೋ ಶೆಲ್ ಸ್ಕ್ರಿಪ್ಟ್, ಎಲ್ಲಾ ಗಿಟ್‌ನಲ್ಲಿ (ಕೋಡ್‌ನ ಬದಲಾವಣೆಗಳನ್ನ ಕಾಯ್ದಿಡೋ ಸಾಫ್ಟ್‌ವೇರ್) ಕೂತಿರತ್ತೆ. ಮೊದಲ ಆರು ತಿಂಗಳು ನಾನು ಇದನ್ನೂ ತಪ್ಪಾಗೇ ಬಳಸಿದೆ, ಒಂದ್ಸಲ ಎಬ್ಬಿಸಿ ಆಮೇಲೆ ಒಳಗೆ ಕೈಯಾರೆ ಅದೂ ಇದೂ ಹಾಕ್ತಾ ಹೋದೆ, ಸ್ಕ್ರಿಪ್ಟ್‌ಗೆ ಸೇರಿಸ್ಲಿಲ್ಲ, ಮತ್ತೆ ಅದೇ ಮುದ್ದಿನ ವಿಎಂ. ಈಗ ತಿಂಗಳಿಗೊಂದ್ಸಲ ಬೇಕಂತಲೇ ಡೆಸ್ಟ್ರಾಯ್ ಕೊಡ್ತೀನಿ. ಡೇಟಾಬೇಸ್ ಡಂಪ್ ಹೊರಗೆ, ಕೋಡ್ ಪುಶ್, ಆಮೇಲೆ ಗುಂಡಿ ಒತ್ತೋದು. ಯಾವುದಾದ್ರೂ ಎದ್ದು ಬರ್ಲಿಲ್ಲ ಅಂದ್ರೆ ಸ್ಕ್ರಿಪ್ಟ್‌ನಲ್ಲಿ ಅದು ಬಿಟ್ಟು ಹೋಗಿದೆ ಅಂತ ಅರ್ಥ.

ವೇಗ್ರಂಟ್ ಮೇಲೂ ದೂರಿಲ್ಲ ಅಂತಲ್ಲ. ವರ್ಚುವಲ್‌ಬಾಕ್ಸ್ ಹೊಸ ದೊಡ್ಡ ವರ್ಷನ್ ಬಂದ ದಿನವೇ ಅಪ್‌ಗ್ರೇಡ್ ಮಾಡಿದ್ರೆ ವೇಗ್ರಂಟ್‌ಗೆ ಅದು ಅರ್ಥ ಆಗದೇ ನಿಲ್ಲೋದುಂಟು, ಸ್ವಲ್ಪ ತಡೀರಿ. 2023ರ ಆಗಸ್ಟ್‌ನಲ್ಲಿ ವೇಗ್ರಂಟ್‌ನ ಲೈಸೆನ್ಸ್ ಬಿಎಸ್‌ಎಲ್‌ಗೆ (ಸೋರ್ಸ್ ಕಾಣತ್ತೆ, ಆದ್ರೆ ಪೂರ್ತಿ ಓಪನ್ ಸೋರ್ಸ್ ಅಲ್ಲ) ಬದಲಾಯ್ತು, ನನ್ನಂಥ ಬಳಕೆದಾರರಿಗೆ ದಿನದ ಕೆಲಸದಲ್ಲಿ ಏನೂ ವ್ಯತ್ಯಾಸ ಇಲ್ಲ, ಓಪನ್ ಸೋರ್ಸ್ ಅನ್ನೋ ಕಾರಣಕ್ಕೇ ತಗೊಂಡಿದ್ದೋರಿಗೆ ಬೇಜಾರಾಗೋದು ಸಹಜ.

ಡಾಕರ್ (ಆಪ್‌ನ ಬೇರೆ ಬೇರೆ ಡಬ್ಬಿ, ಅಂದ್ರೆ ಕಂಟೇನರ್‌ನಲ್ಲಿ ಓಡಿಸೋ ಸಾಫ್ಟ್‌ವೇರ್) ಇರೋವಾಗ ಇದೆಲ್ಲಾ ಯಾಕೆ ಅಂತ ಕೇಳೋರಿಗೆ, ನಾನು ಡಾಕರ್‌ನೂ ಬಳಸ್ತೀನಿ, ಈ ವಿಎಂ ಒಳಗೇ. ಬರೀ ಒಂದು ವೆಬ್ ಆಪ್ ಆದ್ರೆ ಕಂಟೇನರ್ ಸಾಕು. ಸಿಸ್ಟಂಡಿ ಸರ್ವಿಸ್ (ಲಿನಕ್ಸ್‌ನಲ್ಲಿ ಹಿನ್ನೆಲೆಯಲ್ಲಿ ಓಡೋ ಕೆಲಸಗಳು), ಫೈರ್‌ವಾಲ್, ಕರ್ನಲ್ ಸೆಟ್ಟಿಂಗ್ ಇಂಥದ್ದೆಲ್ಲಾ ನಿಜವಾದ ಸರ್ವರ್ ಥರಾನೇ ಮುರಿದು ನೋಡ್ಬೇಕಂದ್ರೆ ಪೂರ್ತಿ ವಿಎಂ ಬೇಕು, ಕಂಟೇನರ್‌ಗೆ ಸ್ವಂತ ಕರ್ನಲ್ ಇರಲ್ಲ. ಆಪಲ್ ಸಿಲಿಕಾನ್ ಮ್ಯಾಕ್ ಇರೋರು ಈ ದಾರಿ ಹಿಡಿಯೋ ಮುಂಚೆ ನೋಡ್ಕೊಳ್ಳಿ, ಎಕ್ಸ್86ಗೆ (ಇಂಟೆಲ್, ಎಎಂಡಿ ಪ್ರೊಸೆಸರ್‌ಗೆ) ಮಾಡಿರೋ ಹಳೇ ಬಾಕ್ಸ್‌ಗಳು ಅಲ್ಲಿ ವರ್ಚುವಲ್‌ಬಾಕ್ಸ್‌ನಲ್ಲಿ ಓಡಲ್ಲ, ಆ ಮ್ಯಾಕ್‌ನ ಪ್ರೊಸೆಸರ್ ಥರದ್ದೇ ಆರ್ಮ್ ಬಾಕ್ಸ್ ಹುಡುಕ್ಬೇಕು.

ಐದಕ್ಕೆ ನಾಲ್ಕು ಕೊಡ್ತೀನಿ, ಕಿತ್ಕೊಂಡ ಒಂದು ಶೇರ್ಡ್ ಫೋಲ್ಡರ್‌ದು. ಮೊನ್ನೆ ಎಬ್ಬಿಸಿದ್ದು ಹೊಸ ಉಬುಂಟು ಎಲ್‌ಟಿಎಸ್ (ಹೆಚ್ಚು ವರ್ಷ ಸಪೋರ್ಟ್ ಸಿಗೋ ವರ್ಷನ್) ಮೇಲೆ, ಸ್ಕ್ರಿಪ್ಟ್‌ನಲ್ಲಿ ಎರಡೇ ಸಾಲು ಬದಲಾಯ್ಸಿದ್ದು, ಬಾಕ್ಸ್ ಹೆಸರು ಮತ್ತೆ ಪಿಎಚ್‌ಪಿ ಪ್ಯಾಕೇಜ್ ಹೆಸರು. ಆ ಒಂಬತ್ತು ಸ್ನ್ಯಾಪ್‌ಶಾಟ್ ಕಾಲದ ಹಳೇ ಡಿಸ್ಕ್ ಫೈಲ್ ಮಾತ್ರ ಇನ್ನೂ ಎಕ್ಸ್‌ಟರ್ನಲ್ ಡ್ರೈವ್‌ನಲ್ಲಿದೆ, ತೆರೆದು ನೋಡಿ ನಾಲ್ಕು ವರ್ಷ ಆಯ್ತು, ಅಳಿಸೋಕೆ ಇನ್ನೂ ಮನಸ್ಸು ಬಂದಿಲ್ಲ.