ಒಂದೇ ಪೈಪು, ಮೂರು ಉಪಾಯ: ನ್ಯಾನೋಫ್ಲೂಯಿಡ್, ತಿರುಚಿದ ಪಟ್ಟಿ, ವೈರ್ ಕಾಯಿಲ್

ತಾಮ್ರದ ಪೈಪು, ಅದಕ್ಕೆ ಸುತ್ತಿದ ಹೀಟರ್ ತಂತಿ, ಉಷ್ಣತೆ ಅಳೆಯಲು ಗೋಡೆಗೆ ಕೂರಿಸಿದ ಥರ್ಮೋಕಪಲ್‌ಗಳು, ಒತ್ತಡ ಎಷ್ಟು ಇಳಿಯಿತು ಅಂತ ನೋಡಲು ಒಂದು ಮಾನೋಮೀಟರ್. ಇಷ್ಟೇ ನನ್ನ ಸೆಟಪ್. ಪೈಪಿನ ಗೋಡೆಯಿಂದ ಒಳಗೆ ಹರಿಯುವ ನೀರಿಗೆ ಶಾಖ ಇನ್ನೂ ಚೆನ್ನಾಗಿ ಇಳಿಸಲು ಯಾವ ಉಪಾಯ ಒಳ್ಳೆಯದು ಅಂತ ನೋಡುವುದು ಉದ್ದೇಶ. ಹೀಟರ್ ಅಷ್ಟೇ ಉರಿಯುತ್ತಿರುವಾಗ ಗೋಡೆ ತಣ್ಣಗಾದಷ್ಟೂ ಶಾಖ ಚೆನ್ನಾಗಿ ನೀರಿಗೆ ಇಳಿಯುತ್ತಿದೆ ಅಂತ ಲೆಕ್ಕ.

ಜಾಸ್ತಿ ಆಸೆ ಇಟ್ಟಿದ್ದು ನ್ಯಾನೋಫ್ಲೂಯಿಡ್ ಮೇಲೆ, ಅಂದರೆ ಅತಿ ಸಣ್ಣ ಕಣಗಳನ್ನು ಬೆರೆಸಿದ ದ್ರವದ ಮೇಲೆ. ನೀರಿಗೆ ಗಾತ್ರದಲ್ಲಿ ಶೇ 1ರಷ್ಟು ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿ ಬೆರೆಸಿದೆ. ಅಲ್ಯೂಮಿನಾ ನೀರಿಗಿಂತ ಹತ್ತಾರು ಪಟ್ಟು ಚೆನ್ನಾಗಿ ಶಾಖ ಒಯ್ಯುತ್ತದೆ, ನಿಜ. ಆದರೆ ಕಣಗಳು ನೀರಿನಲ್ಲಿ ಚದುರಿರುವಾಗ, ಮಿಶ್ರಣದ ಶಾಖವಾಹಕತೆ ಲೆಕ್ಕ ಹಾಕುವ ಮ್ಯಾಕ್ಸ್‌ವೆಲ್ ಸೂತ್ರದ ಪ್ರಕಾರ ಸಿಗುವ ಲಾಭ ಸುಮಾರು ಶೇ 3 ಮಾತ್ರ. 1995ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಸ್ಟೀಫನ್ ಚೋಯ್ ನ್ಯಾನೋಫ್ಲೂಯಿಡ್ ಎಂಬ ಹೆಸರು ಕೊಟ್ಟ ಮೇಲೆ ತುಂಬಾ ದೊಡ್ಡ ಅಂಕಿಗಳು ಓಡಾಡಿದವು. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 30ಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಮಾದರಿಗಳನ್ನು ಅಳೆದು ನೋಡಿದಾಗ ಅಂಥ ಪವಾಡ ಕಾಣಲಿಲ್ಲ.

ನಾನು ಮೊದಲು ಮೋಸ ಹೋಗಿದ್ದು ರೆನಾಲ್ಡ್ಸ್ ಸಂಖ್ಯೆಯಲ್ಲಿ. ವೇಗ, ಪೈಪಿನ ಅಗಲ, ದ್ರವದ ಮಂದತನ ಸೇರಿಸಿ ಹರಿವು ಹೇಗಿದೆ ಅಂತ ಹೇಳುವ ಅಂಕಿ ಇದು. ಒಂದೇ ರೆನಾಲ್ಡ್ಸ್ ಸಂಖ್ಯೆಯಲ್ಲಿ ಹೋಲಿಸಿದೆ, ನ್ಯಾನೋಫ್ಲೂಯಿಡ್ ಗೆದ್ದ ಹಾಗೆ ಕಾಣಿಸಿತು. ಆದರೆ ಪುಡಿ ಹಾಕಿದ ನೀರು ಮಂದ ಅಲ್ವಾ, ಅದೇ ಸಂಖ್ಯೆ ಮುಟ್ಟಬೇಕಾದರೆ ಅದನ್ನು ಇನ್ನೂ ಜೋರಾಗಿ ತಳ್ಳಬೇಕು, ಅಂದರೆ ನಾನು ನೋಡುತ್ತಿದ್ದ ಲಾಭದಲ್ಲಿ ದೊಡ್ಡ ಪಾಲು ಪುಡಿಯದ್ದಲ್ಲ, ಪಂಪಿನದ್ದು. ಸ್ನಿಗ್ಧತೆ, ಅಂದರೆ ಈ ಮಂದತನ, ಶೇ 20 ಏರಿದರೆ ಅದೇ ರೆನಾಲ್ಡ್ಸ್ ಸಂಖ್ಯೆಯಲ್ಲಿ ಪಂಪಿನ ಕೆಲಸ ಒಂದೂವರೆ ಪಟ್ಟು ದಾಟುತ್ತದೆ. ಪಂಪಿಗೆ ಸಮನಾದ ಶಕ್ತಿ ಕೊಟ್ಟು ಮತ್ತೆ ಹೋಲಿಸಿದೆ. ಆಗ ಬರೀ ನೀರೇ ಸಾಕಿತ್ತು.

ಪೈಪಿನೊಳಗೆ ಉದ್ದಕ್ಕೂ ತೂರಿಸುವ ತಿರುಚಿದ ಪಟ್ಟಿಯ ಕಥೆ ಬೇರೆ. ನಿಧಾನದ, ಪದರ ಪದರವಾದ ಹರಿವಿನಲ್ಲಿ ಇದು ಎದ್ದು ಕಾಣುತ್ತದೆ. ಖಾಲಿ ಪೈಪಿನಲ್ಲಿ ಅಂಥ ಹರಿವು ನೆಲೆಗೊಂಡ ಮೇಲೆ ನಸೆಲ್ಟ್ ಸಂಖ್ಯೆ (ಗೋಡೆಯಿಂದ ನೀರಿಗೆ ಶಾಖ ಎಷ್ಟು ಚೆನ್ನಾಗಿ ಇಳಿಯುತ್ತದೆ ಎಂಬ ಅಳತೆ) 4.36ಕ್ಕೆ ನಿಂತುಬಿಡುತ್ತದೆ, ವೇಗ ಸ್ವಲ್ಪ ಏರಿಸಿದರೂ ಕದಲುವುದಿಲ್ಲ. ಪಟ್ಟಿ ನೀರನ್ನು ಗಿರಗಿರ ತಿರುಗಿಸಿ, ಗೋಡೆಯ ಬಿಸಿ ನೀರನ್ನು ನಡುವಿಗೆ ಎಳೆದು ತರುತ್ತದೆ. ಇದಕ್ಕೆ ಕೊಡುವ ಬೆಲೆ ಘರ್ಷಣೆ. ಪಂಪಿಗೆ ಸಮನಾದ ಶಕ್ತಿ ಕೊಟ್ಟು ಹೋಲಿಸುವಾಗ, ಘರ್ಷಣೆ 4 ಪಟ್ಟು ಆದರೆ ಶಾಖ ವರ್ಗಾವಣೆ ಕನಿಷ್ಠ 1.6 ಪಟ್ಟಾದರೂ ಆಗಬೇಕು, ಇಲ್ಲದಿದ್ದರೆ ನಷ್ಟ (4ರ ಘನಮೂಲ ಅಷ್ಟೇ ಬರುತ್ತದೆ).

ಹರಿವು ಜೋರಾದಾಗ ನನ್ನ ಒಲವು ವೈರ್ ಕಾಯಿಲ್ ಕಡೆ, ಅಂದರೆ ಒಳಗೋಡೆಗೆ ಒತ್ತಿ ಕೂರುವ ತಂತಿ ಸುರುಳಿಯ ಕಡೆ. ಆಗ ಶಾಖಕ್ಕೆ ಅಡ್ಡಿ ಇರುವುದು ಗೋಡೆಗೆ ಅಂಟಿದ ತೆಳು ಪದರದಲ್ಲಿ. ಕಾಯಿಲ್ ಅಲ್ಲೇ ಕೂತು ಅದನ್ನು ಕದಡುತ್ತದೆ, ನಡುವಿನ ದಾರಿ ಖಾಲಿ ಬಿಡುತ್ತದೆ. ಪಟ್ಟಿ ಪೈಪನ್ನೇ ಅಡ್ಡಲಾಗಿ ಸೀಳುತ್ತದೆ. ತುಂಬಾ ನಿಧಾನದ ಹರಿವಿನಲ್ಲಿ ಮಾತ್ರ ಕಾಯಿಲ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಎರಡನ್ನೂ ಸೇರಿಸಿಯೂ ನೋಡಿದೆ, ಕಾಯಿಲ್ ಜೊತೆ ಅಲ್ಯೂಮಿನಾ. ಬಂದ ಲಾಭ ಹೆಚ್ಚುಕಡಿಮೆ ಕಾಯಿಲ್‌ನದ್ದೇ. ರಾತ್ರಿ ಪಂಪ್ ನಿಲ್ಲಿಸಿದ್ದಕ್ಕೆ ಬೆಳಿಗ್ಗೆ ಸುರುಳಿಗಳ ಸಂದಿಯಲ್ಲಿ ಪುಡಿ ಕೂತಿತ್ತು, ತೊಳೆಯಲು ಇಡೀ ದಿನ ಹೋಯಿತು.

ಈಗ ಪೈಪಿನಲ್ಲಿರುವುದು ಸುಮ್ನೆ ನೀರು ಮತ್ತು ಕಾಯಿಲ್. ಮುಂದಿನ ಸರದಿ, ಸುರುಳಿಗಳ ಅಂತರ ಬದಲಿಸಿ ನೋಡುವುದು.